ನಡುವಿನ ಸೆಲ್ಲು ಈಗ ಬರಂಗಿಲ್ಲರಿ

ಹೋದ ಶನಿವಾರ ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ನಿಂತು, ಆರು ನಡುವಿನ ಸೆಲ್ಲು ಬೇಕು ಎಂದೆ. ಅಂಗಡಿಯವರು ನನ್ನನ್ನು ನಾಲ್ಕಾಣೆಗೆ ಕಡಲೆ ಕೇಳಲು ಬಂದವಳಂತೆ ನೋಡಿದರು.

‘ದೊಡ್ಡದೈತಿ, ಪೆನ್ಸಿಲ್ ಸೆಲ್ ಐತಿ, ರಿಮೋಟಿಂದೈತಿ. ನಡುವಿಂದು ಈಗ ಬರಂಗಿಲ್ಲರಿ. ಕೇಳೋರಾದ್ರೂ ಯಾರದಾರ?’

ನಾನಿದ್ದೇನಲ್ಲ! ಬೆಳಿಗ್ಗೆಯಿಂದ ಕೇಳುತ್ತಲೇ ಇದ್ದೇನೆ. ನಮ್ಮೂರು ಹರಪನಹಳ್ಳಿಯಲ್ಲಿ ಗಡಿಯಾರ ರಿಪೇರಿಯವರಿಂದ ಹಿಡಿದು ಸ್ಟೇಷನರಿ ಅಂಗಡಿಯವರೆಗೆ ಸುತ್ತಿ ಬಂದಿದ್ದೆ. ಒಬ್ಬರು ಗುಂಡಿಯಂಥ ಸೆಲ್ ತೋರಿಸಿದರು. ಇನ್ನೊಬ್ಬರು, ಬೈಕಿನ ಬ್ಯಾಟರಿಯಾ ಅಂತ ವಿಚಾರಿಸಿದರು. ಆನ್‌ಲೈನ್‌ನಲ್ಲಿ ಇದೆ, ಆದರೆ ಬರುವುದು ಬುಧವಾರ. ನನಗೆ ಬೇಕಿದ್ದದ್ದು ಭಾನುವಾರ ಬೆಳಿಗ್ಗೆಗೆ.

ಇಷ್ಟಕ್ಕೂ ಆ ಸೆಲ್ ಯಾಕೆ? ನಮ್ಮಕ್ಕ ಮಾತಾಡಬೇಕಿತ್ತು.

ಅಕ್ಕ ಹಗರಿಬೊಮ್ಮನಹಳ್ಳಿಯ ಶಾಲೆಯೊಂದರಲ್ಲಿ ಪಿ.ಇ. ಟೀಚರ್ ಆಗಿದ್ದವಳು. ರಿಟೈರ್ ಆಗಿ ಈಗ ಕೊಟ್ಟೂರಿನಲ್ಲಿದ್ದಾಳೆ. ಅವಳು ಮೈದಾನದ ಈ ತುದಿಯಲ್ಲಿ ಕೂಗಿದರೆ ಆ ತುದಿಯ ಹುಡುಗಿ ಮಾತ್ರವಲ್ಲ, ರಸ್ತೆಯಲ್ಲಿ ಹೋಗುವ ಎಮ್ಮೆಗಳೂ ನಿಲ್ಲುತ್ತಿದ್ದವು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಹಿಂದೆಯೇ ದನಿಯೂ ಹೋಯಿತು. ಉಳಿದದ್ದು ಪಿಸುಮಾತು.

ಅಲ್ಲಿಂದ ಅಕ್ಕ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಮದುವೆ ಇಲ್ಲ, ಮುಂಜಿ ಇಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಬರೀ ಮೆಸೇಜು. (ಟೀಚರಮ್ಮನಿಗೆ ಸೊಕ್ಕು ಬಂದಿದೆ ಎಂದು ಆಡಿಕೊಂಡವರೂ ಉಂಟು. ಜನಕ್ಕೇನು?)

ಇಂಥ ಹೊತ್ತಿನಲ್ಲಿ ಅವಳ ಹಳೆಯ ಖೋ-ಖೋ ಹುಡುಗಿಯರೆಲ್ಲ ಸೇರಿ ಭಾನುವಾರ ಶಾಲೆಯ ಮೈದಾನದಲ್ಲಿ ಒಂದು ಮ್ಯಾಚ್ ಇಟ್ಟುಕೊಂಡರು. ಹಳೆಯ ಟೀಮು, ಈಗಿನ ಹುಡುಗಿಯರ ವಿರುದ್ಧ. ಟೀಚರ್ ಬರಲೇಬೇಕು ಎಂದು ಮನೆಗೆ ಬಂದು ಕರೆದರು. ಅಕ್ಕ ಒಲ್ಲೆ ಎಂದು ತಲೆಯಾಡಿಸಿಬಿಟ್ಟಳು. ಅವರು ಹೋದ ಮೇಲೆ ಭಾವ ಒಳಗೆ ಹೋಗಿ ನೋಡಿದರೆ, ಬೀರುವಿನ ಮೇಲಿದ್ದ, ಆರು ನಡುವಿನ ಸೆಲ್ ಹಾಕುವ ಹಳೆಯ ಮೆಗಾಫೋನ್ ಕೆಳಗಿಳಿಸಿ ಧೂಳು ಒರೆಸುತ್ತಿದ್ದಳಂತೆ.

ಭಾವ ತಕ್ಷಣ ನನಗೆ ಫೋನ್ ಮಾಡಿದರು. ‘ಸೆಲ್ ಸಿಕ್ಕರ ಬರ್ತಾಳಂತ ನೋಡವಾ.’

ಮೈದಾನದಲ್ಲಿ ಮೈಕ್ ಸೆಟ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ವೇದಿಕೆ ಮೇಲೆ. ಆದರೆ ನಮ್ಮಕ್ಕ ಯಾವತ್ತು ವೇದಿಕೆ ಮೇಲೆ ಕೂತಿದ್ದಾಳೆ? ಸೊಂಟಕ್ಕೆ ಕಟ್ಟಿಕೊಳ್ಳುವ ಚಾರ್ಜಿಂಗ್ ಸ್ಪೀಕರ್ ಒಂದನ್ನು ಆಪರೇಷನ್ ಆದ ಹೊಸತರಲ್ಲಿ ನಾನೇ ಕೊಡಿಸಿದ್ದೆ. ಕೆಲವು ತಿಂಗಳು ಮಾತಾಡಿತು, ಆಮೇಲೆ ಮೌನವ್ರತ. ರಿಪೇರಿಗೆ ಒಯ್ದರೆ, ಬ್ಯಾಟರಿ ಒಳಗೇ ಅಂಟಿಸಿದ್ದಾರೆ, ಬಿಚ್ಚಿದರೆ ಮುರಿಯುತ್ತದೆ, ಹೊಸದು ತಗೊಳ್ಳಿ ಎಂದರು. ಅದನ್ನು ನೋಡಿದ ಮೇಲೆ ಅಕ್ಕ ಅಂಥದ್ದು ಇನ್ನೊಂದು ಬೇಡ ಎಂದು ಚೀಟಿಯಲ್ಲಿ ಬರೆದು ತೋರಿಸಿದ್ದಳು.

ಅಂಗಡಿಯ ಮುಂದಿನ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಸೆಲ್ಲುಗಳ ವಂಶವೃಕ್ಷ ಹುಡುಕಿದೆ. (ಸಿಟ್ಟು ಬಂದಾಗ ನಾನು ಜ್ಞಾನ ಸಂಪಾದಿಸುತ್ತೇನೆ.) ಸುಮಾರು ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಸೆಲ್ ಮಾಡುವವರೆಲ್ಲ ಕೂತು, ಒಬ್ಬೊಬ್ಬರದು ಒಂದೊಂದು ಅಳತೆಯಾದರೆ ಜನ ಏನು ಮಾಡಬೇಕು ಎಂದು ಯೋಚಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಎ, ಬಿ, ಸಿ, ಡಿ ಎಂದು ಹೆಸರಿಟ್ಟರಂತೆ. ನಮ್ಮ ದೊಡ್ಡ ಟಾರ್ಚಿನದು ಡಿ. ನಡುವಿನದು ಸಿ. ಕಾಲ ಕಳೆದಂತೆ ಎ ಗಿಂತ ಚಿಕ್ಕ ಸೆಲ್ ಬಂತು. ಅಕ್ಷರಮಾಲೆಯಲ್ಲಿ ಎ ಹಿಂದೆ ಜಾಗವೆಲ್ಲಿದೆ? ಎರಡು ಎ ಎಂದರು. ಅದೇ ಪೆನ್ಸಿಲ್ ಸೆಲ್. ಇನ್ನೂ ಸಣ್ಣದಕ್ಕೆ ಮೂರು ಎ. ಅದು ರಿಮೋಟಿನದು.

ಹಾಗಾದರೆ ಒಂಟಿ ಎ ಎಲ್ಲಿ? ಬಿ ಎಲ್ಲಿ? ಅವನ್ನು ಬೇಡುವ ಯಂತ್ರಗಳು ಮೂಲೆ ಸೇರಿದವು. ಹೊಸ ಯಂತ್ರ ಮಾಡುವವರು ಒಂದೋ ದೊಡ್ಡ ಸೆಲ್ ಹಿಡಿದರು, ಇಲ್ಲವೇ ಪೆನ್ಸಿಲ್ ಸೆಲ್ ಹಿಡಿದರು. ಗಿರಾಕಿ ಇಲ್ಲದ ಮಾಲನ್ನು ಯಾರು ತರಿಸುತ್ತಾರೆ? ಈಗ ನಮ್ಮ ಕಡೆ ಸಿ ಸರದಿ ಬಂದಂತಿದೆ. ಟೇಪ್ ರೆಕಾರ್ಡರ್ ಹೋಯಿತು, ಅದರ ಹೊಟ್ಟೆಯಲ್ಲಿದ್ದ ನಡುವಿನ ಸೆಲ್ಲೂ ಹೋಯಿತು.

ನಾವು ಚಿಕ್ಕವರಿದ್ದಾಗ ಸತ್ತ ಸೆಲ್ಲಿಗೂ ಮರ್ಯಾದೆಯಿತ್ತು. ಅಪ್ಪ ರೇಡಿಯೊ ಸೆಲ್ಲುಗಳನ್ನು ಮಾಳಿಗೆ ಮೇಲೆ ಹಪ್ಪಳದ ಪಕ್ಕ ಒಣಹಾಕುತ್ತಿದ್ದರು. ಬಿಸಿಲು ಕುಡಿದ ಸೆಲ್ಲು ಇನ್ನೊಂದು ವಾರ್ತೆಗೆ ಸಾಕಾಗುತ್ತಿತ್ತು. ಆಗ ಸೆಲ್ ಸತ್ತರೆ ಸೆಲ್ ಎಸೆಯುತ್ತಿದ್ದೆವು. ಈಗ ಸೆಲ್ ಸತ್ತರೆ ಸಾಮಾನನ್ನೇ ಎಸೆಯುತ್ತೇವೆ. ಇದಕ್ಕೆ ಹೆಸರು ಅಪ್‌ಗ್ರೇಡ್!

ಬರಿಗೈಯಲ್ಲಿ ಹೋಗುವುದು ಬೇಡ ಎಂದು ಒಂದಿಷ್ಟು ಪೆನ್ಸಿಲ್ ಸೆಲ್ ಕಟ್ಟಿಸಿಕೊಂಡು ಅಕ್ಕನ ಮನೆಗೆ ಹೋದೆ. ಸಿಗಲಿಲ್ಲ ಎಂದು ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಒಂದು ಪೆನ್ಸಿಲ್ ಸೆಲ್ ತೆಗೆದು ಮೆಗಾಫೋನಿನ ಗೂಡಿನಲ್ಲಿ ಇಟ್ಟು ನೋಡಿದಳು. ಉದ್ದ ಸರಿಯಾಗಿತ್ತು! ದಪ್ಪ ಮಾತ್ರ ಸಾಲದೆ ಲೊಡಲೊಡ ಅನ್ನುತ್ತಿತ್ತು. ಸೀದಾ ಎದ್ದುಹೋಗಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಹಳೆಯ ಲಗ್ನಪತ್ರಿಕೆಗಳನ್ನು ತಂದಳು. ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಒಂದೊಂದೇ ಸೆಲ್ಲಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದಳು.

ಇಷ್ಟು ಸಣ್ಣವು ಇದಕ್ಕೆ ಸಾಕಾಗುತ್ತವೆಯೇ ಎಂದು ಭಾವನಿಗೆ ಅನುಮಾನ. ಸಾಕಾಗುತ್ತವೆ. ಡಿ ಇರಲಿ, ಸಿ ಇರಲಿ, ಎಷ್ಟು ಎ ಇದ್ದರೂ ಇರಲಿ, ಎಲ್ಲದರ ವೋಲ್ಟೇಜು ಅದೇ ಒಂದೂವರೆ. ದೊಡ್ಡದು ಹೆಚ್ಚು ಹೊತ್ತು ಬಾಳುತ್ತದೆ, ಅಷ್ಟೇ.

ಅಕ್ಕ ಗುಂಡಿ ಒತ್ತಿ ಬಾಯಿಗಿಟ್ಟುಕೊಂಡಳು. ‘ಚಾ ಇಡ್ರಿ’ ಎಂದಳು. ಇಡೀ ಓಣಿಗೆ ಕೇಳಿಸಿತು. ಭಾವ ಚಾ ಇಡಲು ಒಳಗೆ ಹೋದರು. ಒಲೆಯ ಮುಂದೆ ಬಹಳ ಹೊತ್ತು ನಮಗೆ ಬೆನ್ನು ಹಾಕಿಯೇ ನಿಂತಿದ್ದರು.

ಭಾನುವಾರ ಮೈದಾನದಲ್ಲಿ ಅಕ್ಕ ಗೆರೆಯ ಪಕ್ಕ, ತನ್ನ ಹಳೆಯ ಜಾಗದಲ್ಲೇ ನಿಂತಳು. ಹಳೆಯ ಟೀಮಿನ ರೇಣುಕಾ ಈಗ ಕೂಡ್ಲಿಗಿಯಲ್ಲಿ ಬ್ಯಾಂಕ್ ಮ್ಯಾನೇಜರ್, ಎರಡು ಮಕ್ಕಳ ತಾಯಿ. ಆಟದ ಹುರುಪಿನಲ್ಲಿ ಅವಳು ಬೆನ್ನಿಗೆ ಖೋ ಬೀಳುವ ಮೊದಲೇ ಎದ್ದುಬಿಟ್ಟಳು.

‘ರೇಣುಕಾ, ಖೋ ಬೀಳೋ ಮುಂಚೆ ಯಾಕ ಎದ್ದಿ? ಕುಂದ್ರು.’

ದನಿ ಒಡಕಲಾಗಿತ್ತು, ಗೊಗ್ಗರಾಗಿತ್ತು, ಆದರೆ ಗದರಿಕೆ ಮಾತ್ರ ಅದೇ. ಮ್ಯಾನೇಜರ್ ಮೇಡಂ ತಟ್ಟನೆ ಕುಂತಳು. ತಲೆ ತಗ್ಗಿಸಿದ್ದಳು, ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಅಂದುಕೊಂಡೆ. ದುಪಟ್ಟಾದಿಂದ ಕಣ್ಣು ಒರೆಸಿಕೊಂಡಾಗಲೇ ಗೊತ್ತಾದದ್ದು.

ಹಳೆಯ ಟೀಮು ಸೋತಿತು. (ಸೋಲದೆ ಇನ್ನೇನು? ಅರ್ಧ ಜನಕ್ಕೆ ಮಂಡಿನೋವು.) ಕೊನೆಗೆ ಈಗಿನ ಪಿ.ಇ. ಮೇಷ್ಟ್ರು ಅಕ್ಕನ ಹತ್ತಿರ ಬಂದು, ಶನಿವಾರ ಶನಿವಾರ ಬಂದು ನಮ್ಮ ಹುಡುಗಿಯರಿಗೂ ಹೇಳಿಕೊಡುತ್ತೀರಾ ಎಂದು ಕೇಳಿದರು. ಅವರು ನಿಂತದ್ದು ಒಂದು ಮಾರು ದೂರದಲ್ಲಿ. ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ಅಕ್ಕ ಮೆಗಾಫೋನ್ ಎತ್ತಿ, ಗುಂಡಿ ಒತ್ತಿ, ಊರಿಗೇ ಕೇಳುವಂತೆ ಹೇಳಿದಳು.

‘ಬರ್ತೀನಿ.’

ಈಗ ಹೇಳಿ, ನಿಮ್ಮ ಮನೆಯ ಸಾಮಾನುಗಳಲ್ಲಿ ನೀವೇ ಮುಚ್ಚಳ ತೆಗೆದು ಮತ್ತೆ ಜೀವ ತುಂಬಬಹುದಾದವು ಇನ್ನೆಷ್ಟು ಉಳಿದಿವೆ?