ಕಾನ್ವೆಂಟ್ ಮನೆ

ಅಹಮದಾಬಾದಿನ ಈ ಬಾಡಿಗೆ ಮನೆಗೆ ಬಂದ ಮರುದಿನ ಮಧ್ಯಾಹ್ನ ಬಾಗಿಲು ತೆಗೆದರೆ, ನಮ್ಮ ಜಗಲಿಯ ಮೇಲೆ ಯಾರೋ ಒಬ್ಬ ಹೆಂಗಸು ಕಾಲು ನೀಡಿಕೊಂಡು ಕೂತು ಹಸಿ ತೊಗರಿಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಎದ್ದೇಳಲಿಲ್ಲ, ಸಂಕೋಚಪಡಲೂ ಇಲ್ಲ. ನಾನೇ ಅವರ ಮನೆಗೆ ಬಂದ ನೆಂಟಳೇನೋ ಎಂಬಂತೆ ನಕ್ಕು, ಕುಡಿಯಲು ನೀರು ಕೇಳಿದರು. ಕುಡಿದ ಮೇಲೆ ಲೋಟವನ್ನು ನನ್ನ ಕೈಗೆ ಕೊಡದೆ ಸೀದಾ ಒಳಗೆ ಹೋಗಿ, ನಾನಿನ್ನೂ ಗಮನಿಸಿರದ ಒಂದು ಗೋಡೆಗೂಡಿನಲ್ಲಿ ಬೋರಲು ಹಾಕಿ ಬಂದರು. ಲೋಟ ಇಡುವ ಜಾಗ ಅದು ಎಂದು ನನಗೆ ಗೊತ್ತಾದದ್ದು ಹಾಗೆ.

ಅವರ ಹೆಸರು ಹಂಸಾಬೆನ್. ಬೆನ್ ಎಂದರೆ ಇಲ್ಲಿ ಅಕ್ಕನೂ ಹೌದು, ತಂಗಿಯೂ ಹೌದು. ನಮ್ಮ ಮನೆಯ ಮಾಲೀಕರ ಅಕ್ಕ. ತಮ್ಮಂದಿರೆಲ್ಲ ನದಿಯಾಚೆಯ ಫ್ಲ್ಯಾಟುಗಳಿಗೆ ಹೋಗಿದ್ದಾರೆ; ಇವರನ್ನು ಮದುವೆ ಮಾಡಿಕೊಟ್ಟದ್ದು ಮಾತ್ರ ಪಕ್ಕದ ಕೇರಿಗೆ. ಅಡುಗೆ ಮುಗಿಸಿ ದಿನಾ ತವರಿಗೆ ಬರುತ್ತಾರೆ. ತವರಿನಲ್ಲಿ ತವರಿನವರು ಯಾರೂ ಇಲ್ಲ, ನಾವಿದ್ದೇವೆ. ನಮ್ಮನೆಯವರು ಹೊಳೆನರಸೀಪುರದವರು, ಇಲ್ಲಿ ಹಾಲಿನಪುಡಿ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಸಂಜೆ ವಿಷಯ ಕೇಳಿ, "ಬಾಡಿಗೆ ಜೊತೆಗೆ ಒಬ್ಳು ಅತ್ತೇನೂ ಕೊಡ್ತೀವಿ ಅಂತ ಓನರು ಯೋಳ್ನೇ ಇಲ್ವಲ್ಲೇ" ಅಂದರು.

ಇಲ್ಲಿನ ಹಳೆಯ ಕೇರಿಗಳಿಗೆ ಪೋಳ್ ಎನ್ನುತ್ತಾರೆ. ದೊಡ್ಡದೊಂದು ಬಾಗಿಲು, ಅದರೊಳಗೆ ಮೈಗೆ ಮೈ ತಾಗಿಸಿ ನಿಂತ ಮನೆಗಳು, ಪ್ರತಿ ಮನೆಯ ಮುಂದೆ ಓಟ್ಲೋ. ಓಟ್ಲೋ ಎಂದರೆ ನಮ್ಮ ಜಗಲಿ. ಅಷ್ಟು ಬೇಗ ಕಲಿತ ಪದ ಇನ್ನೊಂದಿಲ್ಲ. ಉಳಿದವು ಸುಲಭವಾಗಿ ಬರಲಿಲ್ಲ. ಅಂಗಡಿಯಲ್ಲಿ ರಾಗಿ ಕೇಳಿದೆ, ಸಾಸಿವೆ ಕಟ್ಟಿಕೊಟ್ಟ. ಇವರಿಗೆ ರಾಯಿ ಎಂದರೆ ಸಾಸಿವೆ. ಮತ್ತೊಂದು ಅಂಗಡಿಗೆ ಹೋದೆ, ಅಲ್ಲೂ ಸಾಸಿವೆಯೇ. ಬೇಳೆಸಾರಿಗೆ ಬೆಲ್ಲ ಹಾಕುವ ಊರಿನಲ್ಲಿ ಮುದ್ದೆಯೂ ಇಲ್ಲದೆ ಮಳೆಗಾಲ ಕಳೆಯಿತು. ಕೊನೆಗೆ ನಾನು ಮುದ್ದೆ ಕಟ್ಟುವಂತೆ ಕೈಯಲ್ಲಿ ತೋರಿಸಿ, ಬಣ್ಣಕ್ಕೆ ಸೆರಗಿನ ಕಂದು ಅಂಚನ್ನು ಮುಟ್ಟಿ ತೋರಿಸಿದಾಗ, ಹಂಸಾಬೆನ್ "ನಾಗಲಿ" ಅಂದರು. ನಮ್ಮ ರಾಗಿಗೆ ಇಲ್ಲಿ ಅಷ್ಟು ಚಂದದ ಹೆಸರು. ಅವತ್ತು ನಮ್ಮನೆಯವರು ಹೊಟ್ಟೆ ತುಂಬ ಮುದ್ದೆ ಉಂಡು, ಕೈ ತೊಳೆದವರೇ ಮಲಗಿದರು.

ಉಪಕಾರ ಮಾಡಿದವರ ಮೇಲೆಯೇ ನನಗೆ ಹೊಟ್ಟೆಕಿಚ್ಚು. ಹಾಲಿನವನು ನಮ್ಮ ಬಾಗಿಲಿಗೆ ಬಂದು "ಹಂಸಾಬೆನ್ ಮನೆಯವರೇ, ಹಾಲು" ಎಂದು ಕೂಗುತ್ತಾನೆ. ಇಷ್ಟು ದಿನ ಉಜ್ಜಿ ತೊಳೆದವಳು ನಾನು, ಹೆಸರು ಅವರದು. ಮೂರನೆಯ ಮೆಟ್ಟಿಲು ಸವೆದಿರುವುದು ಅವರ ಅಜ್ಜಿ ಅಲ್ಲಿ ಕೂತು ಕೂತು ಎಂದು ಅವರಿಗೆ ಗೊತ್ತು. ಓರೆಯಾದ ಹಳೆಯ ಗೋಡೆಗಳಿಗೆ ಇಲ್ಲಿ ಮರದ ಆಸರೆ ಕೊಟ್ಟು ನಿಲ್ಲಿಸುತ್ತಾರೆ. ಎಲ್ಲೆಲ್ಲಿಂದಲೋ ಬಂದವರು ಕಂಬದ ಕೆತ್ತನೆ ಮುಟ್ಟಿ ಫೋಟೋ ತೆಗೆದುಕೊಳ್ಳುತ್ತಾರೆ. ಹಾಸನದ ನನ್ನ ತವರುಮನೆಯ ಗೋಡೆಯ ಮೇಲೆ, ಕೆಡವಲೆಂದು ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು, ಅಷ್ಟೆ. ಹೊಟ್ಟೆಕಿಚ್ಚು ಏಳು ಪಾಪಗಳಲ್ಲಿ ಒಂದು ಎಂದು ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಮಿಕ್ಕ ಆರು ಯಾವುವೋ ನನಗೆ ಮರೆತೇಹೋಗಿವೆ.

ಆಲೂಗೆಡ್ಡೆ ಮಂಡಿಯ ಹಿಂದೆ ಚರಂಡಿಗುಂಟ ಇದ್ದ ನಮ್ಮ ಕೇರಿಯನ್ನು ನಾವು ಸಾಲು ಅಂತಿದ್ದೆವು. ತಗಡಿನ ಮನೆಗಳು, ಒಂದರ ಗೋಡೆ ಇನ್ನೊಂದಕ್ಕೂ ಗೋಡೆ. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅವ್ವ ಕಾನ್ವೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಹಾಗಾಗಿ ನನಗೆ ಅಲ್ಲಿ ಓದುವ ಯೋಗ ಬಂತು. ನನ್ನ ಟೈ ಕಟ್ಟಲು ಬರುತ್ತಿದ್ದುದು ಇಡೀ ಸಾಲಿನಲ್ಲಿ ಪಕ್ಕದ ಮನೆಯ ಟೈಲರ್ ಮಾವನಿಗೆ ಮಾತ್ರ. ಬೆಳಿಗ್ಗೆ ನಾನು ಅವರ ಮುಂದೆ ಗಲ್ಲ ಎತ್ತಿ ನಿಂತರೆ, ಅವರ ಮಗಳು ರತ್ನ, ನನ್ನದೇ ವಯಸ್ಸಿನವಳು, ನನ್ನ ಕರಿ ಶೂಗಳನ್ನೇ ನೋಡುತ್ತ ಹಲ್ಲುಜ್ಜುತ್ತಿದ್ದಳು. ಎಲ್ಲರೂ ನನ್ನನ್ನು ಕಾನ್ವೆಂಟು ಎಂದೇ ಕರೆದರು. ಬರಬರುತ್ತ ನಮ್ಮ ಮನೆಯೂ ಕಾನ್ವೆಂಟ್ ಮನೆಯಾಯಿತು. ಸಾಲಿನಲ್ಲಿ ಸೋಡಾ ಮನೆ ಇತ್ತು, ಟೈಲರ್ ಮನೆ ಇತ್ತು, ಹಾಗೆ ಇದೂ ಒಂದು. ಶಾಲೆಯಲ್ಲಿ ಸ್ಲಮ್ ಎಂಬ ಪದದ ಕಾಗುಣಿತಕ್ಕೆ ನನಗೆ ಶಭಾಶ್ ಸಿಕ್ಕಿತ್ತು. ಅದು ನಮ್ಮ ಸಾಲಿನ ಇನ್ನೊಂದು ಹೆಸರು ಎಂದು ಆಗ ಗೊತ್ತಿರಲಿಲ್ಲ.

ಸಾಲು ಕೆಡವಿದ ದಿನ ನಾನು ಮದುವೆಯಾಗಿ ದೂರದಲ್ಲಿದ್ದೆ. ತಮ್ಮನ ಫೋನಿನಲ್ಲಿ ಮಾತು ಕೇಳಿಸದಷ್ಟು ಗಡಗಡ. ಏನ್ಲಾ ಅದು ಸದ್ದು ಅಂದೆ.

"ನಮ್ಮನೆ ಕಣಕ್ಕ" ಅಂದ.

ಬೈಪಾಸಿನಾಚೆ, ಶಾಂತಿಗ್ರಾಮದ ಕಡೆಗೆ ಎಲ್ಲರಿಗೂ ಮನೆ ಕಟ್ಟಿಸಿಕೊಟ್ಟರು. ತಮ್ಮ ಅಷ್ಟು ಹೊತ್ತಿಗೆ ಚನ್ನರಾಯಪಟ್ಟಣದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ಅವ್ವನನ್ನೂ ಅಲ್ಲಿಗೇ ಕರೆದುಕೊಂಡು ಹೋದ. ನಮ್ಮ ಪಾಲಿನ ಮನೆ ಬೇರೆಯವರಿಗೆ ಹೋಯಿತು. ಆಗ ನನಗೇನೂ ಅನಿಸಲಿಲ್ಲ. ಹಂಸಾಬೆನ್ ನಮ್ಮ ಜಗಲಿಯ ಮೇಲೆ ಕೂತು ಹೊಟ್ಟೆ ಉರಿಸಲು ಶುರುಮಾಡಿದ ಮೇಲೆಯೇ, ನನಗೂ ಹೋಗಿ ಹಾಗೆ ಕೂರಲು ಒಂದು ಜಗಲಿ ಉಳಿದಿದೆಯೇ ನೋಡಬೇಕು ಅನಿಸಿದ್ದು.

ಈ ಸಲ ಊರಿಗೆ ಹೋದಾಗ ಅವ್ವನ ಹತ್ತಿರ ಒಂದು ದಿನವಿದ್ದು, ಹಾಸನದ ಬಸ್ಸು ಹತ್ತಿದೆ. ಕಾಲೊನಿಯ ಮನೆಗಳೆಲ್ಲ ಒಂದೇ ಅಚ್ಚು, ಒಂದೇ ಹಳದಿ ಬಣ್ಣ. ಹೇಗಪ್ಪ ಹುಡುಕುವುದು ಅಂದುಕೊಂಡು ಎರಡನೆಯ ಅಡ್ಡರಸ್ತೆಗೆ ತಿರುಗಿದರೆ, ಮೊದಲ ಬಾಗಿಲಿನಲ್ಲಿ ಸೋಡಾ ಮನೆಯ ಅಜ್ಜಿ. ಅದರಾಚೆ ಬಳೆಗಾರ್ತಿ. ಅದರಾಚೆ ಟೈಲರ್ ಮನೆ, ಬಾಗಿಲಲ್ಲಿ ರತ್ನ. ನಾನು ನಿಂತಲ್ಲೇ ನಿಂತೆ. ಹಳೆಯ ಸಾಲು ಹಾಗೇ, ಅದೇ ಕ್ರಮದಲ್ಲಿ ಎದ್ದು ಬಂದು ಕೂತಿತ್ತು.

ಚೀಟಿ ಎತ್ತಿ ಮನೆ ಹಂಚಿದಾಗ ಒಬ್ಬೊಬ್ಬರು ಒಂದೊಂದು ಮೂಲೆಗೆ ಬಿದ್ದಿದ್ದರಂತೆ. ಅಧಿಕಾರಿಗಳು ಜೀಪು ಹತ್ತಿದ ಮೇಲೆ ಹೆಂಗಸರೆಲ್ಲ ಸೇರಿ, ತಮ್ಮತಮ್ಮಲ್ಲೇ ಬೀಗದಕೈ ಅದಲುಬದಲು ಮಾಡಿಕೊಂಡರಂತೆ. "ಮಗ್ಗಲಾಗೆ ಗುರ್ತಿಲ್ಲದೋರ್ ಕೆಮ್ಮುದ್ರೆ ನಿದ್ದೆ ಬತ್ತದೇನೇ?" ಅಂದಳು ರತ್ನ. ನನಗೆ ಕಾಫಿ ಕೊಟ್ಟಳು. ಈಗ ಟೈಲರಿಂಗ್ ಅವಳದೇ. ಟೈಲರ್ ಮಾವ ಹೋದರು. ಅವರ ಹೊಲಿಗೆ ಮಿಷನ್ನು ಅದೇ ಕಿಟಕಿಯ ಪಕ್ಕದಲ್ಲಿದೆ, ಕಿಟಕಿ ಮಾತ್ರ ಬೇರೆ.

ಪಕ್ಕದ ಮನೆಯ ಕಡೆ ನನ್ನ ಕಣ್ಣು ಹೋಯಿತು. ನಮ್ಮ ಮನೆ ಇರಬೇಕಾದ ಜಾಗ. ಜಗಲಿಯ ಮೇಲೆ ಮೂವತ್ತರ ಹೆಂಗಸೊಬ್ಬಳು ಅವರೆಕಾಯಿ ಸುಲಿಯುತ್ತಿದ್ದಳು. ಸುಶೀಲ, ಮಲ್ಲಿಪಟ್ಟಣದ ಕಡೆಯವಳು, ಗಂಡ ಗಾರೆ ಕೆಲಸ. ರತ್ನ ಮಾತಾಡುತ್ತಲೇ ಅವಳ ಮೊರಕ್ಕೆ ಕೈಹಾಕಿ ಒಂದು ಹಿಡಿ ಕಾಳು ತೆಗೆದುಕೊಂಡಳು, ಕೇಳದೆ. ಹಿಂದೆ ಅವಳು ಹಾಗೆ ಕೇಳದೆ ತೆಗೆದುಕೊಳ್ಳುತ್ತಿದ್ದುದು ನನ್ನ ತಟ್ಟೆಯಿಂದ. ನನಗೆ ಕಾಫಿಯನ್ನು ಸಾಸರ್ ಸಮೇತ ಕೊಟ್ಟಿದ್ದಳು.

ಅಷ್ಟರಲ್ಲಿ ಬಳೆಗಾರ್ತಿ ತನ್ನ ಬಾಗಿಲಿನಿಂದ, "ಏ ಕಾನ್ವೆಂಟೂ, ಬೆಳ್ಳುಳ್ಳಿ ಐತೇನೇ?" ಎಂದು ಕೂಗಿದಳು. ನಾನು ಓ ಅಂದೆ. ಅದೇ ಗಳಿಗೆಗೆ ಸುಶೀಲನೂ ಓ ಅಂದು, ಒಳಗೆ ಹೋಗಿ ಬೆಳ್ಳುಳ್ಳಿ ತಂದುಕೊಟ್ಟಳು. ನನ್ನ ಓ ಯಾರಿಗೂ ಕೇಳಿಸಲಿಲ್ಲ.

ರತ್ನ ನಗುತ್ತ ಹೇಳಿದಳು: ಆ ಜಾಗದಲ್ಲಿರುವುದು ಕಾನ್ವೆಂಟ್ ಮನೆ, ಇವಳು ಅಲ್ಲಿ ಬಂದು ಸೇರಿದಳು, ಇವಳೇ ಕಾನ್ವೆಂಟಾದಳು, ಅದರಲ್ಲೇನು. ಹೇಳಿ, ಅಳತೆ ಕೊಡಲು ಬಂದ ಯಾರೊಂದಿಗೋ ಒಳಗೆ ಹೋದಳು.

ಸುಶೀಲ ಮೊರ ಸರಿಸಿ ನನಗೆ ಪಕ್ಕದಲ್ಲಿ ಜಾಗ ಮಾಡಿದಳು. ಕೂತೆ. ನಾಲ್ಕು ಕಾಯಿ ಸುಲಿದು, ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕ, ನಾನ್ ಓದಿರಾದೇ ಮೂರ್ನೇ ಕ್ಲಾಸು. ಇವ್ರು ನನ್ನ ಯಾಕಂಗ್ ಕರೀತಾರೆ? ಆಡ್ಕತಾರೇನೋ ಅಂತ ಇಷ್ಟ್ ದಿನ ಕೇಳ್ಳಿಲ್ಲ."

ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಆಡಿಕೊಳ್ಳುವುದಲ್ಲ ತಾಯಿ, ಪ್ರೀತಿಗೆ ಅಂದು ಸಮಾಧಾನವನ್ನೂ ಹೇಳಬಹುದಿತ್ತು.

"ಅದು ನನ್ನೆಸ್ರು" ಅಂದೆ. ಎಷ್ಟೋ ವರ್ಷದ ಮೇಲೆ ನನ್ನ ಬಾಯಲ್ಲಿ ಹಾಸನದ ಮಾತು ಹಾಗೆ ಬಂತು, ಗಡುಸಾಗಿ.

ಅವಳು ನನ್ನ ಮುಖ ನೋಡಿದಳು. ಕೋಪ ಮಾಡಿಕೊಳ್ಳಲಿಲ್ಲ. "ಅಂಗಾರೆ ನೀವೇ ಇಟ್ಕಳಿ ಅಕ್ಕ. ನಂಗೆ ಸುಶೀಲ ಅಂದ್ರೆ ಸಾಕು" ಅಂದಳು, ಅರಳಿದ ದನಿಯಲ್ಲಿ, ಭಾರ ಇಳಿಸಿದವಳಂತೆ.

ಬೀದಿಯ ನಲ್ಲಿಗೆ ನೀರು ಬಿಟ್ಟರು. ಪಾತ್ರೆಗಳು ಸದ್ದು ಮಾಡಿದವು, ಬಾಗಿಲುಗಳಿಂದ ಕೊಡಗಳು ಹೊರಟವು. ಆಗಲೇ ನಲ್ಲಿಯ ಹತ್ತಿರ ಹೋಗಿದ್ದ ರತ್ನ ಕೂಗಿದಳು: "ಕಾನ್ವೆಂಟೂ, ನೀರು!"

ಸುಶೀಲ ಏಳಲಿಲ್ಲ. ಮಾತು ಕೊಟ್ಟವಳಂತೆ ಕೈ ಮಡಿಲಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಹಸಿರು ಕೊಡ ಹೊಸಿಲ ಪಕ್ಕದಲ್ಲಿತ್ತು. ರತ್ನ ಮತ್ತೆ ಕೂಗಿದಳು, ಪಾಳಿ ತಪ್ಪುತ್ತದೆ ಅಂತ. ಹಿಂದಿನವರು ಆಗಲೇ ಮುಂದಕ್ಕೆ ಸರಿಯುತ್ತಿದ್ದರು. ಹೆಸರು ನನಗೆ ಬಂದಿತ್ತು. ಕೊಡ, ಪಾಳಿ, ಒಳಗೆ ಒಲೆಯ ಮೇಲಿನ ಖಾಲಿ ಪಾತ್ರೆ, ಶಾಲೆ ಬಿಟ್ಟು ಬರಲಿದ್ದ ಮಕ್ಕಳು, ಇವ್ಯಾವುವೂ ನನ್ನವಾಗಿರಲಿಲ್ಲ. ಸಂಜೆಯ ಬಸ್ಸಿಗೆ ನಾನು ಹೊರಡಬೇಕಿತ್ತು.

"ಓಗವ್ವ, ನಿನ್ನೇ ಕರೀತಿರಾದು" ಅಂದೆ.

ಅವಳು ಕೊಡ ಎತ್ತಿಕೊಂಡು ಓಡಿದಳು. ಕಾಳು ಉಳಿದ ಮೊರದ ಪಕ್ಕದಲ್ಲಿ ನಾನು ಕೂತೇ ಇದ್ದೆ, ಹೊಟ್ಟೆಕಿಚ್ಚಿನಲ್ಲಿಯೇ, ಸಾಲಿನಲ್ಲಿ ಅವಳು ರತ್ನನ ಹಿಂದೆ ನಿಂತು ಏನೋ ಹೇಳಿ ನಗಿಸುವುದನ್ನು ನೋಡುತ್ತ.