ರಾಜ್ಯೋತ್ಸವಕ್ಕೆ ಇಳಿಸಿದ ಬಾವುಟ

ಐರ್ಲೆಂಡಿನ ಆಡಮ್ಸ್‌ಟೌನ್ ಹತ್ತಿರದ ಒಂದು ಸಮುದಾಯ ಭವನದಲ್ಲಿ ನಾವು ಕನ್ನಡದವರು ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುತ್ತಿದ್ದೆವು. ನಾನು ಕಾರ್ಯದರ್ಶಿ. ಬೇರೆಯವರಿಗೆ ಆಡಲು ಮುಜುಗರವಾಗುವ ಮಾತುಗಳೆಲ್ಲ ನನ್ನ ಪಾಲಿಗೆ ಬರುತ್ತಿದ್ದವು. ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಭವನದವರು ಬಾಗಿಲ ಮೇಲೆ ಪ್ಯಾಲೆಸ್ತೀನಿನ ಬಾವುಟ ಕಟ್ಟಿದ್ದರು. ನಮ್ಮ ರಸ್ತೆಯ ಕಿಟಕಿಗಳಲ್ಲೂ ಅಲ್ಲಲ್ಲಿ ಅದು ಕಾಣುತ್ತಿತ್ತು.

ನಾನು ಬ್ಯೂಮಾಂಟ್‌ನ ಆಸ್ಪತ್ರೆಯಲ್ಲಿ ನರ್ಸ್. ಚಹಾದ ಹೊತ್ತಿನಲ್ಲಿ ಐರಿಷ್ ಸಹೋದ್ಯೋಗಿಗಳು, ಇಸ್ರೇಲಿಗೆ ಹೊರದೇಶಗಳು ಶಸ್ತ್ರ ಕೊಡುವುದು ನಿಲ್ಲಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ನಿಮ್ಮ ದೇಶ ಏನನ್ನುತ್ತದೆ ಎಂದು ಕೇಳುತ್ತಿದ್ದರು. ಮನೆಗೆ ಬಂದು ಫೋನ್ ತೆಗೆದರೆ ಬೆಂಗಳೂರಿನಿಂದ ಅಣ್ಣ ಇಸ್ರೇಲಿನ ಪರವಾದ ವಿಡಿಯೋಗಳನ್ನು ಕಳಿಸಿರುತ್ತಿದ್ದ. ಕೆಳಗೆ, "ಅಲ್ಲಿಯವರ ಮಾತು ಕೇಳಿ ತಲೆ ಕೆಡಿಸ್ಕೋಬೇಡ" ಎಂದು ಬರೆದಿರುತ್ತಿದ್ದ. ಶಸ್ತ್ರ ಕಳಿಸುವುದು ತಪ್ಪು ಎಂದೇ ನನಗೆ ಅನ್ನಿಸುತ್ತಿತ್ತು. ಆದರೆ ಇಲ್ಲಿಯೂ ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಹನ್ನೆರಡು ಗಂಟೆ ನಿಂತು, ಎರಡು ಬಸ್ ಬದಲಿಸಿ ಬಂದವಳಿಗೆ ವಾದ ಮಾಡುವ ಶಕ್ತಿ ಇರುತ್ತಿರಲಿಲ್ಲ.

ಕಾರ್ಯಕ್ರಮಕ್ಕೆ ವಾರವಿದ್ದಾಗ ನಮ್ಮ ಅಧ್ಯಕ್ಷರು ಫೋನ್ ಮಾಡಿದರು. ಮೈಸೂರಿನವರು, ಐಟಿ ಕಂಪನಿಗಳಿರುವ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಎಂಜಿನಿಯರ್.

"ಮೇಡಂ, ಆ ಬಾವುಟ ಒಂದಿನದ ಮಟ್ಟಿಗೆ ತೆಗೆಸೋಕಾಗತ್ತಾ? ಫೋಟೋಲಿ ಬೀಳತ್ತೆ. ಅದಿದ್ರೆ ಬರಲ್ಲ ಅಂತ ಗ್ರೂಪಲ್ಲಿ ಆಗ್ಲೇ ಗಲಾಟೆ ಶುರುವಾಗಿದೆ."

"ಅವರ ಭವನ ಅಲ್ವಾ ಸಾರ್?"

"ನೀವು ಕೇಳಿದ್ರೆ ಭವನದ ಅಜ್ಜ ಇಲ್ಲ ಅನ್ನಲ್ಲ."

ಆಗಲ್ಲ ಎನ್ನಬಹುದಿತ್ತು. ಹಾಗೆಂದರೆ ಮತ್ತೆ ಅರ್ಧ ಗಂಟೆ ಮಾತಾಡಬೇಕಾಗುತ್ತದೆ ಎನ್ನಿಸಿ, ಸರಿ ಎಂದೆ.

ಭವನ ನೋಡಿಕೊಳ್ಳುತ್ತಿದ್ದ ಅಜ್ಜ ಯೌವನದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಸೈನಿಕರಾಗಿ ಲೆಬನಾನಿನಲ್ಲಿದ್ದವರು. ನಾನು ಹೋದಾಗ ಕುರ್ಚಿ ಜೋಡಿಸುತ್ತಿದ್ದರು. ಬಾವುಟವನ್ನು ಒಂದು ದಿನ ಇಳಿಸಬಹುದೇ ಎಂದು ಕೇಳಿದೆ.

"ನಿನಗೆ ಅದು ಬೇಡವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ನನಗೇನಿಲ್ಲ. ನಮ್ಮಲ್ಲಿ ಕೆಲವರಿಗೆ."

ಅವರು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟರು. "ಲೆಬನಾನಿನಲ್ಲಿ ನಮ್ಮ ಠಾಣೆಯ ಹತ್ತಿರ ಬಿದ್ದ ಶೆಲ್ಲಿನ ಚೂರುಗಳನ್ನು ಹೆಕ್ಕುತ್ತಿದ್ದೆವು. ಅವನ್ನು ಮಾಡಿದ್ದು ದೂರದ ಯಾವುದೋ ದೇಶದಲ್ಲಿ. ಅವು ಬಿದ್ದ ಹಳ್ಳಿಯ ಹೆಸರನ್ನೂ ಮಾಡಿದವರು ಕೇಳಿರಲಿಕ್ಕಿಲ್ಲ," ಎಂದರು. ಆಮೇಲೆ "ಗ್ರ್ಯಾಂಡ್" ಎಂದು ಏಣಿ ತಂದರು. ಇಲ್ಲಿ ಆ ಪದಕ್ಕೆ ಸರಿ ಎಂದೂ ಅರ್ಥ, ಇನ್ನು ಮಾತು ಸಾಕು ಎಂದೂ ಅರ್ಥ. ನಾನು ಏಣಿ ಹಿಡಿದುಕೊಂಡೆ.

ಭಾನುವಾರ ಮೈಕು, ಸ್ಪೀಕರ್ ತಂದವರು ಹುಬ್ಬಳ್ಳಿಯ ಮುಸ್ಲಿಂ ಗೆಳೆಯ. ಪ್ರತಿ ವರ್ಷ ಆ ಹೊಣೆ ಅವರದೇ. ಬಾಗಿಲ ಮೇಲೆ ನಮ್ಮ ಹಳದಿ ಕೆಂಪು ಬಾವುಟ ಮಾತ್ರ ಇತ್ತು. ಅವರು ಒಂದು ಕ್ಷಣ ನಿಂತು ನೋಡಿದರು.

"ಅದನ್ನ ಯಾರು ತಗಿಸಿದ್ರು ಅಕ್ಕಾ?"

"ನಾನೇ ಕೇಳ್ದೆ."

ಅವರು ತಲೆಯಾಡಿಸಿ ಒಳಗೆ ಹೋಗಿ ತಂತಿ ಜೋಡಿಸಿದರು. ನಾಡಗೀತೆಗೆ ಎಲ್ಲರ ಜೊತೆ ನಿಂತು ಹಾಡಿದರು. ಊಟದ ಹೊತ್ತಿಗೆ ಹುಡುಕಿದರೆ ಅವರ ಕಾರು ಇರಲಿಲ್ಲ.

ಎರಡು ದಿನ ಬಿಟ್ಟು ನಾನೇ ಫೋನ್ ಮಾಡಿ, ಸಿಟ್ಟಾಗಿದೀರಾ ಎಂದು ಕೇಳಿದೆ.

"ಸಿಟ್ಟೇನಿಲ್ರೀ ಅಕ್ಕಾ. ಸಾಕಾಗೇತಿ. ಅಲ್ಲಿ ಮಂದಿ ಸಾಯಾಕತ್ತಾರ, ಇಲ್ಲಿ ನಮಗ ಫೋಟೋದ ಚಿಂತಿ. ನೀವರೆ ಆಗಂಗಿಲ್ಲ ಅಂತೀರಿ ಅನ್ಕೊಂಡಿದ್ದೆ."

"ತಪ್ಪಾಯ್ತು," ಎಂದೆ.

"ಇರ್ಲಿ ಬಿಡ್ರಿ. ಡ್ಯೂಟಿ ಮುಗಿಸಿ ಬಂದೀರಿ, ಉಂಡು ಮಲ್ಕೋರಿ."

ಆ ವಾರವೇ ಕಾರ್ಯದರ್ಶಿ ಕೆಲಸ ಬಿಡುತ್ತೇನೆಂದು ಅಧ್ಯಕ್ಷರಿಗೆ ತಿಳಿಸಿದೆ. ಎಲ್ಲ ಚೆನ್ನಾಗೇ ಆಯ್ತಲ್ಲ ಮೇಡಂ ಎಂದು ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. ಮರುವರ್ಷದ ರಾಜ್ಯೋತ್ಸವಕ್ಕೆ ಸ್ಪೀಕರ್ ಬಾಡಿಗೆಗೆ ತಂದರಂತೆ. ಆ ಭಾನುವಾರ ನಾನೇ ಕೇಳಿ ಡ್ಯೂಟಿ ಹಾಕಿಸಿಕೊಂಡಿದ್ದೆ.