ಮಗ್ಗದ ರಾಮಾಂಜಿ ಟರ್ಬೊ ಕಾರಿಗೆ ಕೈ ಹಾಕಿದ್ದು

ರಾಮಾಂಜಿನಪ್ಪನ ಹೆಸರು ನಾನು ಮೊದಲು ಕೇಳಿದ್ದು ನಮ್ಮ ಮೂರನೇ ಮಗ್ಗ ಹಟ ಹಿಡಿದು ನಿಂತ ದಿನ. ಶ್ರಾವಣ ಹತ್ತಿರ ಬಂದಿತ್ತು, ಸೀರೆ ಕೊಡಲು ನಾಲ್ಕೇ ದಿನ ಉಳಿದಿತ್ತು. ಲಾಳಿ ಆ ಕಡೆಯಿಂದ ಹೊರಟು ಅರ್ಧ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಮ್ಮ ಯಜಮಾನರು ಆದಿನಾರಾಯಣಪ್ಪನವರು ತಲೆಗೆ ಟವೆಲ್ ಸುತ್ತಿಕೊಂಡು ಮಗ್ಗಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದರು. ಎದುರು ಮನೆಯ ಬಚ್ಚಪ್ಪ ಕಿಟಕಿಯಿಂದಲೇ ಕೂಗಿದ.

"ಆದಿನಾರಾಯಣಣ್ಣ, ನಂದಗುಡಿ ಕಡೆಯಿಂದ ಒಬ್ಬ ಬಂದವ್ನೆ, ರಾಮಾಂಜಿನಪ್ಪ ಅಂತ. ಕಣ್ಮುಚ್ಕೊಂಡೇ ಮಗ್ಗ ರಿಪೇರಿ ಮಾಡ್ತಾನಂತೆ!"

"ಕಣ್ಣು ಬಿಟ್ಕೊಂಡು ಮಾಡಿದೋರೇ ಹಾಳು ಮಾಡಿ ಹೋದ್ರು. ಇನ್ನು ಇವನೊಬ್ಬ ಬಾಕಿ!" ಅಂದರು ನಮ್ಮವರು. ಆದರೂ ಕರೆಸಿದರು.

ಬಂದವನು ಕಡ್ಡಿಯಂತಿದ್ದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮಗ್ಗದ ಕಬ್ಬಿಣಕ್ಕೆ ಆನಿಸಿದ, ಹಿಡಿಯನ್ನು ಕಿವಿಗೆ ಒತ್ತಿಕೊಂಡ, ನಿಜವಾಗಿಯೂ ಕಣ್ಣು ಮುಚ್ಚಿದ. "ಓಡ್ಸಿ" ಅಂದ. ಮೂರೇ ಏಟು ಕೇಳಿರಬೇಕು. ಎಡಗಡೆ ಒಂದು ಬೋಲ್ಟು ಬಿಗಿ ಮಾಡಿದ, ಸಿಕ್ಕ ಸಿಕ್ಕ ಸಂದಿಗೆಲ್ಲ ಎರಡೆರಡು ಹನಿ ಎಣ್ಣೆ ಬಿಟ್ಟ. ಮಗ್ಗ ಹಾಡಿಕೊಂಡು ಓಡಿತು. ಅಂದಿನಿಂದ ಅವನು ನಮ್ಮ ಮನೆಯವನೇ ಆದ.

ನಮ್ಮವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ್ಗಗಳನ್ನು ಒಂದೊಂದಾಗಿ ಕೊಟ್ಟೆ. ದೊಡ್ಡಬಳ್ಳಾಪುರದಲ್ಲಿ ಈಗ ಹೊಸ ಬಗೆಯ ಮಗ್ಗಗಳು ಬಂದಿವೆ, ಕೆಟ್ಟರೆ ಕಂಪನಿಯವರೇ ಬರುತ್ತಾರೆ. ರಾಮಾಂಜಿಯನ್ನು ಕರೆಯುವವರು ಕಡಿಮೆಯಾದರು. ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸ ಖಾಲಿ ಇದೆ ಎಂದು ಯಾರೋ ಹೇಳಿದ್ದರು. ಅದಕ್ಕೂ ಅವನು ಹೂಂ ಅಂದಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ, ನಮ್ಮ ಬಾಗಿಲ ಮುಂದೆ ಹಳದಿ ಬೋರ್ಡಿನ ಹಳೇ ಕಾರೊಂದು ಕೆಮ್ಮುತ್ತಾ ಬಂದು ನಿಂತಿತು. ಒಳಗಿಂದ ಇಳಿದವನು ಇವನು.

"ಏನಪ್ಪಾ ರಾಮಾಂಜಿ, ಯಾರ್ದು ಇದು?"

"ನಂದೇ ಅಮ್ಮ! ಟರ್ಬೊ ಕಾರು!"

"ಹೊಗೆ ನೋಡಿದ್ರೆ ಇಟ್ಟಿಗೆ ಗೂಡು ಇದ್ದಂಗಿದೆ" ಅಂದ ಬಚ್ಚಪ್ಪ, ಎಂದಿನಂತೆ ಕಿಟಕಿಯಲ್ಲಿ ಹಾಜರಾಗಿ.

ಟರ್ಬೊ ಹೋಗಿದೆ, ಹೊಸದೇ ಹಾಕಬೇಕು ಎಂದು ಗ್ಯಾರೇಜಿನವರು ಹೇಳಿದ್ದಕ್ಕೆ ಹೆದರಿ, ಹಿಂದಿನ ಮಾಲೀಕ ಕಾರನ್ನು ಗುಜರಿ ಬೆಲೆಗೆ ಕೊಟ್ಟಿದ್ದನಂತೆ. ರಾಮಾಂಜಿ ಮಾತ್ರ ಸ್ಕ್ರೂಡ್ರೈವರ್ ಆನಿಸಿ ಕೇಳಿಬಿಟ್ಟಿದ್ದ. "ಟರ್ಬೊ ಒಳಗಿನ ಚಕ್ರ ಚೆನ್ನಾಗಿ ತಿರುಗ್ತಾ ಇದೆ ಅಮ್ಮ. ಗಾಳಿ ಎಲ್ಲೋ ಸೋರ್ತಾ ಇದೆ, ಅಷ್ಟೆ." ದೇವನಹಳ್ಳಿಯ ಒಂದು ಟ್ಯಾಕ್ಸಿ ಯಾರ್ಡಿನವರು ಸೋಮವಾರ ಹತ್ತು ಗಂಟೆಗೆ ಕಾರನ್ನು ಓಡಿಸಿ ನೋಡುತ್ತಾರೆ. ಒಪ್ಪಿದರೆ ವಿಮಾನ ನಿಲ್ದಾಣದ ಬಾಡಿಗೆ. ಒಪ್ಪದಿದ್ದರೆ ಪಿಲ್ಲಗುಂಪೆಯ ಗೇಟು. "ಸ್ಪ್ಯಾನರ್ ಹಿಡಿದ ಕೈಯಲ್ಲಿ ಲಾಠಿ ಹಿಡೀಬೇಕಾ ಅಮ್ಮ?" ಅಂದ. ಅವನ ಗಲ್ಲಿಗೆ ಕಾರು ಹೋಗುವುದಿಲ್ಲ. ನಮ್ಮ ಅಂಗಳದಲ್ಲಿ ಕೆಲಸ ಮಾಡಿಕೋ ಎಂದೆ.

ಆ ಐದು ದಿನ ನನಗೆ ಅಡಿಗೆಯ ಮೇಲೂ ಗಮನವಿರಲಿಲ್ಲ. ಟರ್ಬೊ ಅಂದರೆ ಏನೆಂದು ನನಗೂ ಬಿಡಿಸಿ ಹೇಳಿದ. ಎಂಜಿನ್ ಬಿಟ್ಟ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಇನ್ನೊಂದು ಕಡೆಯಿಂದ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಕುಲುಮೆಗೆ ತಿದಿ ಒತ್ತಿದ ಹಾಗೆ. ಗಾಳಿ ದಾರಿಯಲ್ಲಿ ಸೋರಿದರೆ ಬೆಂಕಿ ಹತ್ತದೆ ಬರೀ ಹೊಗೆ.

ಸೋರುವ ಜಾಗ ಹುಡುಕಿದ್ದು ನೋಡಬೇಕಿತ್ತು! ಗಾಳಿ ಒಳಗೆ ಹೋಗುವ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಬಿಗಿದ, ಅದಕ್ಕೆ ಸೈಕಲ್ ಟ್ಯೂಬಿನ ವಾಲ್ ಕೂರಿಸಿದ, ಪಂಪಿನಲ್ಲಿ ಮೆಲ್ಲಗೆ ಗಾಳಿ ಹೊಡೆದ. ನಾನು ಪಾತ್ರೆ ತೊಳೆಯುವ ಸೋಪು ಕದಡಿದ ನೀರನ್ನು ಪೈಪುಗಳ ಮೇಲೆ ಚಿಮುಕಿಸುತ್ತಾ ಹೋದೆ. ಕೆಳಗಿನ ದಪ್ಪ ರಬ್ಬರ್ ಪೈಪಿನ ಹೊಟ್ಟೆಯಲ್ಲಿ ಬುಳುಬುಳು ಗುಳ್ಳೆ ಎದ್ದಿತು.

"ಇಲ್ಲಿ ಕಣೋ, ಇಲ್ಲಿ!" ಎಂದು ನಾನು ಕೂಗಿದ್ದಕ್ಕೆ ಬೀದಿಯ ಅರ್ಧ ಜನ ಬಂದರು.

ಹೊಸ ಪೈಪು ಮತ್ತು ಅದನ್ನು ಬಿಗಿಯುವ ತಗಡಿನ ಪಟ್ಟಿಗಳನ್ನು ಬೆಂಗಳೂರಿನಿಂದ ತಂದ. ಗಾಳಿ ಸೋಸುವ ಫಿಲ್ಟರ್ ಬದಲಿಸಿದ, ಎಂಜಿನ್ ಆಯಿಲ್ ಬದಲಿಸಿದ. ಒಳಗೆ ಬರುವ ಗಾಳಿಗೆ ಎಂಜಿನ್ನಿನ ಕಾವು ತಟ್ಟಬಾರದೆಂದು ನಮ್ಮ ಕಡಲೆಕಾಯಿ ಎಣ್ಣೆಯ ಡಬ್ಬವನ್ನೇ ಕತ್ತರಿಸಿ, ಅಡ್ಡ ತಗಡು ಮಾಡಿ ಕೂರಿಸಿದ. ಟರ್ಬೊ ಎಷ್ಟು ಗಾಳಿ ಒತ್ತುತ್ತಿದೆ ಎಂದು ತೋರಿಸುವ ಗಡಿಯಾರದಂಥ ಮೀಟರೊಂದನ್ನು ಸ್ಟೇರಿಂಗಿನ ಪಕ್ಕ ಅಂಟಿಸಿದ. "ಮುಳ್ಳು ಮೇಲೆ ನಿಂತ್ರೆ ನಾನು ಗೆದ್ದಂಗೆ ಅಮ್ಮ."

ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ಘಾಟಿ ರಸ್ತೆಯ ಏರಿಗೆ ಹೊರಟೆವು. ಮೀಟರ್ ನೋಡುವ ಕೆಲಸ ನನ್ನದು. ಏರು ಶುರುವಾಯಿತು. ಮುಳ್ಳು ಎದ್ದಿತು, ಇನ್ನೂ ಎದ್ದಿತು, ಬೆನ್ನು ಸೀಟಿಗೆ ಅಂಟಿಕೊಂಡಿತು. "ಎಳೀತಾ ಇದೆ ಕಣೋ!" ಅನ್ನುವಷ್ಟರಲ್ಲಿ ಢಬ್! ಮುಳ್ಳು ಬಿದ್ದುಹೋಯಿತು, ಹಿಂದೆಲ್ಲ ಕರೀ ಹೊಗೆ. ಪೈಪು ಕಳಚಿಕೊಂಡಿತ್ತು. ಮತ್ತೆ ಹಾಕಿ ಬಿಗಿದ. ಮತ್ತೆ ಢಬ್. ಮೂರನೇ ಸಲ ಪಟ್ಟಿ ಮುರಿಯುವ ಹಾಗೆ ಬಿಗಿದ. ಅದೂ ಢಬ್.

ತೆವಳಿಕೊಂಡು ಅಂಗಳಕ್ಕೆ ವಾಪಸು ಬಂದೆವು. ರಾಮಾಂಜಿ ನೆಲದ ಮೇಲೆ ಕುಸಿದು ಕೂತ. "ನನ್ನ ಕಿವೀನೇ ಸುಳ್ಳು ಹೇಳ್ತೇನೋ ಅಮ್ಮ. ನಾಳೆ ಯಾರ್ಡಿಗೆ ಹೋಗಿ ಮಾನ ಕಳ್ಕೊಳ್ಳೋ ಬದ್ಲು, ಪಿಲ್ಲಗುಂಪೆಗೇ ಹೋಗ್ತೀನಿ."

"ಮೊದ್ಲು ಇನ್ನೊಂದ್ ಸಲ ಹಾಕು, ನಾನು ನೋಡ್ತೀನಿ" ಅಂದೆ.

ಒಲ್ಲದ ಮನಸ್ಸಿನಿಂದ ಎದ್ದ. ಮಗ್ಗದ ಎಣ್ಣೆ ಡಬ್ಬಿಯಲ್ಲಿ ಬೆರಳು ಅದ್ದಿ, ಪೈಪು ಕೂರುವ ಕಬ್ಬಿಣದ ಬಾಯಿಗೆಲ್ಲ ಸವರಿದ, ಆಮೇಲೆ ರಬ್ಬರ್ ಪೈಪನ್ನು ಅದರ ಮೇಲೆ ಜಾರಿಸಿದ.

"ಅಯ್ಯೋ, ಅದಕ್ಯಾಕೋ ಎಣ್ಣೆ?"

"ಸಲೀಸಾಗಿ ಕೂತ್ಕೊಳ್ಳುತ್ತೆ ಅಮ್ಮ."

"ಸಲೀಸಾಗಿ ಕೂತಿದ್ದು ಸಲೀಸಾಗೇ ಎದ್ದು ಹೋಗಲ್ವಾ? ನಮ್ಮವರು ಒಂದು ಸಲ ಮೋಟಾರಿನ ಬೆಲ್ಟಿಗೆ ಎಣ್ಣೆ ಚೆಲ್ಲಿದ್ರಲ್ಲ, ಮೋಟಾರು ತಿರುಗ್ತು, ಮಗ್ಗ ಮಾತ್ರ ಕದಲ್ಲಿಲ್ಲ. ಅವತ್ತು ನೀನೇ ಏನಂದೆ? ಎಣ್ಣೆ ಎಲ್ಲ ಕಡೆಗೂ ಅಲ್ಲ ಯಜಮಾನ್ರೇ, ಹಿಡ್ಕೊಳ್ಳೋ ಜಾಗ ಒಣಗಿರ್ಬೇಕು ಅಂತ ಬೈದಿದ್ದೆ!"

ರಾಮಾಂಜಿ ನನ್ನ ಮುಖ ನೋಡಿದ, ಬೆರಳು ನೋಡಿಕೊಂಡ. ಆಮೇಲೆ ಹಣೆ ಚಚ್ಚಿಕೊಂಡ, ಹಣೆಗೂ ಎಣ್ಣೆ.

ಇಪ್ಪತ್ತು ವರ್ಷ ಕಂಡ ಕಬ್ಬಿಣಕ್ಕೆಲ್ಲ ಎಣ್ಣೆ ಬಿಟ್ಟ ಕೈ ಅದು. ಅದರಷ್ಟಕ್ಕೆ ಅದೇ ಡಬ್ಬಿಗೆ ಹೋಗುತ್ತಿತ್ತು, ಪಾಪ. ಎಣ್ಣೆ ತೆಗೆಯಲು ಸ್ಪಿರಿಟ್ ಬೇಕೆಂದ. ಭಾನುವಾರ ಎಲ್ಲಿಂದ ತರುವುದು? ಕೊರೋನ ಕಾಲದಲ್ಲಿ ಕೈಗೆ ಹಾಕಿಕೊಳ್ಳಲು ಕೊಟ್ಟಿದ್ದ ಸ್ಯಾನಿಟೈಸರ್ ಬಾಟಲಿ ನನ್ನ ಬೀರುವಿನಲ್ಲೇ ಇತ್ತು. ಪೈಪಿನ ಒಳಗೆ, ಕಬ್ಬಿಣದ ಹೊರಗೆ ಉಜ್ಜಿ ಉಜ್ಜಿ ಒರೆಸಿದ. ಒಣಗಲು ಬಿಟ್ಟ. ಈಗ ಪೈಪು ಒಳಗೆ ಹೋಗಲೊಲ್ಲದು. ಹಲ್ಲು ಕಚ್ಚಿ ತಿರುಚಿ ತಿರುಚಿ ಕೂರಿಸಿದ. ಕಬ್ಬಿಣದ ಉಬ್ಬಿನಿಂದ ಆಚೆಗೆ ಪಟ್ಟಿ ಬಿಗಿದ.

ಮತ್ತೆ ಅದೇ ಏರು. ಈ ಸಲ ಬಚ್ಚಪ್ಪನೂ ಹಿಂದೆ ಹತ್ತಿಕೊಂಡ. ಮುಳ್ಳು ಎದ್ದಿತು. ಕಾರು ಕರು ಹಾರಿದ ಹಾಗೆ ನೆಗೆಯಿತು! ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರನ್ನು ದಾಟಿತು, ಏರಿನ ತುದಿ ಮುಟ್ಟಿತು, ಮುಳ್ಳು ಇದ್ದಲ್ಲೇ ನಿಂತಿತ್ತು.

"ನಿಂತಿದೆ! ನಿಂತಿದೆ!" ಎಂದು ನಾನು ಚಪ್ಪಾಳೆ ತಟ್ಟಿದೆ. ಎಪ್ಪತ್ತೆರಡು ವರ್ಷದವಳು ಎಂಬುದು ಮರೆತೇಹೋಗಿತ್ತು.

"ನಿಧಾನ ಕಣಪ್ಪೋ, ನನಗಿನ್ನೂ ಮೊಮ್ಮಗಳ ಮದುವೆ ನೋಡೋದಿದೆ!" ಬಚ್ಚಪ್ಪ ಸೀಟು ತಬ್ಬಿಕೊಂಡಿದ್ದ.

ಸೋಮವಾರ ದೇವನಹಳ್ಳಿಗೂ ನಮ್ಮಿಬ್ಬರನ್ನು ಎಳೆದುಕೊಂಡು ಹೋದ. ಯಾರ್ಡಿನ ಮೇಲ್ವಿಚಾರಕ ಉಮಾಶಂಕರ್ ಎಂಬವರು ಮುಖ ಸಡಿಲಿಸದ ಮನುಷ್ಯ. "ನಾಲ್ಕು ಜನ ಕೂರ್ಬೇಕು, ಏಸಿ ಹಾಕ್ತೀನಿ, ಮೇಲ್ಸೇತುವೆ ಹತ್ತಿಸ್ತೀನಿ. ಅಲ್ಲಿ ತಿಣುಕಿದ್ರೆ ಮನೆಗೆ ತಗೊಂಡೋಗಿ" ಅಂದರು. ನಾವೂ ಹಿಂದೆ ಕೂತೆವು. ಸೇತುವೆ ಬಂತು. ಅವರು ಆಕ್ಸಿಲರೇಟರ್ ಒತ್ತಿದರು. ಕಾರು ಒಂದೇ ಉಸಿರಿಗೆ ಹತ್ತಿ ಇಳಿಯಿತು. ಉಮಾಶಂಕರ್ ತಿರುಗಿಸಿಕೊಂಡು ಬಂದು ಇನ್ನೊಂದು ಸಲ ಹತ್ತಿಸಿದರು. ಎರಡನೇ ಸಲದ್ದು ಪರೀಕ್ಷೆಯಲ್ಲ, ಆಸೆ ಎಂದು ನನಗೆ ಗೊತ್ತಾಯಿತು!

ಯಾರ್ಡಿಗೆ ಬಂದು ಕೀಲಿ ತಿರುಗಿಸಲು ಹೋದವರ ಕೈಯನ್ನು ರಾಮಾಂಜಿ ತಡೆದ. "ಒಂದು ನಿಮಿಷ ಹಂಗೇ ಓಡ್ಲಿ ಸಾರ್. ಜೋರಾಗಿ ತಿರುಗಿದ ಚಕ್ರ, ದಣಿವು ಆರ್ಲಿ."

ಆಮೇಲೆ ಬಾನೆಟ್ ಎತ್ತಿ ನೋಡಿದ ಉಮಾಶಂಕರರಿಗೆ ಕಡಲೆಕಾಯಿ ಚಿತ್ರದ ತಗಡು ಕಂಡಿತು. "ರೀ, ಇದ್ಯಾವ ಕಂಪನಿ ಪಾರ್ಟು?"

"ಅಮ್ಮನ ಅಡಿಗೆಮನೆ ಕಂಪನಿ ಸಾರ್."

ಆಗ ನಕ್ಕರು ನೋಡಿ ಆ ಮನುಷ್ಯ! ನಗುತ್ತಲೇ ಕಾಗದಕ್ಕೆ ಸಹಿ ಹಾಕಿದರು. ಅಲ್ಲಿದ್ದ ಡ್ರೈವರುಗಳು ಬಾನೆಟ್ಟಿನ ಸುತ್ತ ಮುತ್ತಿಕೊಂಡರು. "ಗುರು, ನಂದೂ ಎಳೀತಿಲ್ಲ", "ಅಣ್ಣ, ನಂದು ಶಿಳ್ಳೆ ಹೊಡೀತೈತೆ". ರಾಮಾಂಜಿ ಆಗಲೇ ಸ್ಕ್ರೂಡ್ರೈವರ್ ತೆಗೆದು ಇನ್ನೊಬ್ಬನ ಕಾರಿಗೆ ಕಿವಿ ಕೊಟ್ಟಿದ್ದ, ಕಣ್ಣು ಮುಚ್ಚಿಕೊಂಡು.

ಈಗ ವಾರದಲ್ಲಿ ನಾಲ್ಕು ದಿನ ಅವನು ಬಾಡಿಗೆ ಓಡಿಸುತ್ತಾನೆ. ಉಳಿದ ಮೂರು ದಿನ ನಮ್ಮ ಬೀದಿಯ ತುಂಬ ಹಳದಿ ಬೋರ್ಡಿನ ಕಾರುಗಳು. ಕಸದ ಗಾಡಿ ಬರಲು ಜಾಗವಿಲ್ಲವೆಂದು ಬಚ್ಚಪ್ಪ ಬೈಯುತ್ತಾನೆ, ಬೈದು ಅವನೇ ಬಂದು ಸೋಪಿನ ನೀರು ಕದಡುತ್ತಾನೆ. ಮೊನ್ನೆ ಗುರುವಾರ ಮಳೆ ಬಂತು. ಬಾನೆಟ್ ತೆರೆದಿದ್ದ ಕಾರಿನ ಮೇಲೆ ಟಾರ್ಪಾಲು ಹಿಡಿದು ಇಬ್ಬರೂ ನೆನೆದೆವು. ಒಳಗೆ ಬಂದು ತಲೆ ಒರೆಸಿಕೊಳ್ಳುತ್ತಾ ರಾಮಾಂಜಿ ಖಾಲಿ ಮಗ್ಗದ ಮನೆಯ ಬೀದಿ ಕಡೆಯ ಗೋಡೆಯನ್ನು ನೋಡಿದ. ಎದ್ದು ಹೋಗಿ ಮೊಳ ಹಾಕಿ ಅಳೆದ. ಆಮೇಲೆ ನನ್ನ ಮುಂದೆ ಬಂದು ನಿಂತ.

"ಅಮ್ಮ, ಒಂದು ಮಾತು ಕೇಳ್ಲಾ? ಈ ಗೋಡೆ ಒಡೆದು, ಕಾರು ಒಳಗೆ ಬರೋವಷ್ಟು ಬಾಗ್ಲು ಮಾಡ್ಕೊಳ್ಲಾ?"